ಗುಳಿಗೆಗೆ ಒಪ್ಪಿಗೆ ಸಿಗಬಹುದು, ಎಂಟು ತಾಸಿನ ಮಾತಿಗೆ?

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತ್ತು. ಇಂಥ ನೆರೆ ಇಳಿದ ಮೇಲೆ ಬಿದ್ದ ಮನೆ, ಕೊಳೆತ ತೊಗರಿ ಪಂಚನಾಮೆಗೆ ಸಿಗುತ್ತವೆ. ರಾತ್ರಿ ಜೋರು ಮಳೆ ಬಂದರೆ ಎದೆ ಬಡಿದುಕೊಂಡು ಎದ್ದು ಕೂರುವವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಲ್ಲರಿಗೂ ಹೀಗಾಗಲ್ಲ. ಆದರೆ ಕೆಲವರಿಗೆ ನೆರೆ, ಅಪಘಾತ, ಅತ್ಯಾಚಾರದ ನೆನಪು ವರ್ಷಗಳಾದರೂ ಹಳೆಯದಾಗುವುದೇ ಇಲ್ಲ. ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಮತ್ತೆ ಮೈಮೇಲೆ ಎರಗುತ್ತದೆ. ವೈದ್ಯರು ಇದನ್ನು ಪಿಟಿಎಸ್‌ಡಿ ಅನ್ನುತ್ತಾರೆ. ನಮ್ಮ ಕಡೆ ಅಂಜಿಕೆ ಬಡಿದಿದೆ ಅಂತ ದರ್ಗಾಕ್ಕೋ ಗುಡಿಗೋ ಕರೆದುಕೊಂಡು ಹೋಗುವುದೇ ಜಾಸ್ತಿ.

ಇದಕ್ಕೆ ಎಂಡಿಎಂಎ ಮದ್ದಾಗಬಹುದು ಎಂಬ ಸುದ್ದಿ ಆಗಾಗ ಬರುತ್ತಿದೆ. ಹೌದು, ಪೊಲೀಸರು ಹಿಡಿಯುವ ಅದೇ ಮಾದಕ ವಸ್ತು ಎಂಡಿಎಂಎ. 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿಯಲ್ಲಿ ಮೊದಲು ತಯಾರಾದ ರಾಸಾಯನಿಕ ಇದು. ಮಿದುಳಿನಲ್ಲಿ ಸೆರೊಟೋನಿನ್ ಒಮ್ಮೆಲೇ ಹರಿಯುವಂತೆ ಮಾಡುತ್ತದೆ, ಭಯದ ಕೇಂದ್ರವಾದ ಅಮಿಗ್ಡಾಲಾದ ಅಬ್ಬರ ತಗ್ಗಿಸುತ್ತದೆ. ಬಾಯಿಗೆ ತರಲೂ ಆಗದ ನೆನಪನ್ನು ಆ ಕೆಲವು ತಾಸು ಚಿಕಿತ್ಸಕರ ಜೊತೆ ಮಾತಾಡುತ್ತಾ ಎದುರು ಕೂತು ನೋಡಬಹುದು ಎಂಬುದು ಸಂಶೋಧಕರ ಲೆಕ್ಕ.

ಅಮೆರಿಕ 1985ರಲ್ಲಿ ಇದನ್ನು ನಿಷೇಧಿಸಿತು. ಮರುವರ್ಷವೇ ರಿಕ್ ಡಾಬ್ಲಿನ್ ಎಂಬವರು ಮ್ಯಾಪ್ಸ್ ಎಂಬ ಸಂಸ್ಥೆ ಕಟ್ಟಿ, ಇದನ್ನು ಔಷಧವಾಗಿ ಒಪ್ಪಿಸಲು ಹೊರಟರು. ಹತ್ತಿರ ಹತ್ತಿರ ನಾಲ್ಕು ದಶಕ! 2017ರಲ್ಲಿ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಇದಕ್ಕೆ ವಿಶೇಷ ಆದ್ಯತೆ ಕೊಟ್ಟಿತು. 2023ರಲ್ಲಿ ಹೊರಬಂದ 104 ಜನರ ಪ್ರಯೋಗದಲ್ಲಿ ಎಂಡಿಎಂಎ ಪಡೆದವರಲ್ಲಿ 71% ಜನರಿಗೆ ಪಿಟಿಎಸ್‌ಡಿ ಲಕ್ಷಣಗಳು ರೋಗದ ಮಟ್ಟಕ್ಕಿಂತ ಕೆಳಗಿಳಿದವು. ಆದರೂ 2024ರ ಆಗಸ್ಟ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ, ಇನ್ನೊಂದು ದೊಡ್ಡ ಪ್ರಯೋಗ ಮಾಡಿ ಬನ್ನಿ ಅಂದಿತು.

ಕಾರಣ ಸರಳ. ಔಷಧದ ಪ್ರಯೋಗದಲ್ಲಿ ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಸುಳ್ಳು ಗುಳಿಗೆ ಅಂತ ಗೊತ್ತಾಗಬಾರದು. ಎಂಡಿಎಂಎ ಒಳಗೆ ಹೋದರೆ ಗೊತ್ತಾಗದೇ ಇರುತ್ತದೆಯೇ? ಪಡೆದವರಲ್ಲಿ ಸುಮಾರು 94% ಜನ ಸರಿಯಾಗಿಯೇ ಊಹಿಸಿದ್ದರು. ಹಾಗಾದರೆ ವಾಸಿ ಮಾಡಿದ್ದು ಔಷಧವೋ, ನಂಬಿಕೆಯೋ? ಇದರ ಜೊತೆಗೆ, ಹಿಂದಿನ ಒಂದು ಹಂತದಲ್ಲಿ ಚಿಕಿತ್ಸಕರೇ ರೋಗಿಯ ಜೊತೆ ಅನುಚಿತವಾಗಿ ನಡೆದುಕೊಂಡ ಪ್ರಕರಣವೂ ಇತ್ತು. ಭಯವೇ ತಗ್ಗಿರುವ ಮನುಷ್ಯನ ಪಕ್ಕದಲ್ಲಿ ಕೂರುವವರನ್ನು ಕಾಯುವವರು ಯಾರು? ಎಫ್‌ಡಿಎ ಗುಳಿಗೆಯನ್ನು ತೂಗಬಲ್ಲದು, ಮಾತಿನ ಚಿಕಿತ್ಸೆ ಅದರ ಅಧಿಕಾರಕ್ಕೆ ಬರುವುದೇ ಇಲ್ಲ. ನನ್ನ ಮಟ್ಟಿಗೆ ಎಫ್‌ಡಿಎ ತಡೆದದ್ದು ಸರಿ.

ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. 2023ರ ಜುಲೈ 1ರಿಂದ ಅಲ್ಲಿ ಅನುಮತಿ ಪಡೆದ ಮನೋವೈದ್ಯರು ಮಾತ್ರ ಇದನ್ನು ಬರೆದುಕೊಡಬಹುದು. ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಿದೆ. 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ ಹತ್ತು ವರ್ಷ ಜೈಲು. ಆದರೆ ಅದೇ ಕಾಯ್ದೆಯ 8ನೇ ಸೆಕ್ಷನ್ ವೈದ್ಯಕೀಯ ಮತ್ತು ವೈಜ್ಞಾನಿಕ ಕೆಲಸಕ್ಕೆ ಒಂದು ಕಿಂಡಿ ಬಿಟ್ಟಿದೆ.

ಆ ಕಿಂಡಿ ನಾಳೆಯೇ ಬಾಗಿಲಾಯಿತು ಅಂತಿಟ್ಟುಕೊಳ್ಳಿ. ಪ್ರಯೋಗದಲ್ಲಿ ಒಬ್ಬ ರೋಗಿಗೆ ಎಂಟೆಂಟು ತಾಸಿನ ಮೂರು ಎಂಡಿಎಂಎ ಕೂಟ, ಒಂದೂವರೆ ತಾಸಿನ ಹನ್ನೆರಡು ಮಾತುಕತೆ. ಒಟ್ಟು 42 ತಾಸು. ಜೊತೆಗೆ ಕೂರುವ ಚಿಕಿತ್ಸಕರು ಇಬ್ಬರು, ಹಾಗಾಗಿ 84 ತಾಸು. ಒಬ್ಬರಿಗೆ! ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ನಮ್ಮದು. ಯಾದಗಿರಿಯಲ್ಲಿ ಈ ತಾಸುಗಳನ್ನು ಎಲ್ಲಿಂದ ತರುವುದು?

ಅದೇ 2023ರ ಪ್ರಯೋಗದಲ್ಲಿ ಸುದ್ದಿಯಾಗದ ಇನ್ನೊಂದು ಅಂಕಿ ಇದೆ. ಸುಳ್ಳು ಗುಳಿಗೆ ಮತ್ತು ಮಾತಿನ ಚಿಕಿತ್ಸೆ ಮಾತ್ರ ಸಿಕ್ಕವರಲ್ಲೂ ಸುಮಾರು 48% ಜನ ಅದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಈ ಮಾತಿನ ಚಿಕಿತ್ಸೆಗೆ ಯಾವ ಕಾಯ್ದೆಯೂ ಅಡ್ಡಿ ಇಲ್ಲ, ದೆಹಲಿಯ ಸಹಿಯೂ ಬೇಕಿಲ್ಲ. ಬೇಕಿರುವುದು ತರಬೇತಿ ಪಡೆದ ಜನ, ಅವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಹುದ್ದೆ. ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.