ಯಾವ ಕಾಟನ್? ಒಂದು ಇಂಗ್ಲಿಷ್ ಅಡ್ಡಹೆಸರಿನ ಹಿಂದಿರುವ ಮಂದಿ

ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ಬಿಷಪ್ ಕಾಟನ್ ಶಾಲೆ. ರಾಜಮಂಡ್ರಿ ಪಕ್ಕದ ಧವಳೇಶ್ವರದಲ್ಲಿ ಗೋದಾವರಿಗೆ ಅಡ್ಡಲಾಗಿ ಕಾಟನ್ ಬ್ಯಾರೇಜು. ಗುವಾಹಟಿಯಲ್ಲಿ ಕಾಟನ್ ವಿಶ್ವವಿದ್ಯಾಲಯ. ಮೂರಕ್ಕೂ ಒಬ್ಬನೇ ದೊರೆಯ ಹೆಸರಿಟ್ಟಿದ್ದಾರೆ ಎಂದುಕೊಂಡವರು ಕಡಿಮೆಯೇನಿಲ್ಲ. ನಿಜವಾಗಿ ಇವರು ಮೂವರು: ಒಬ್ಬ ಪಾದ್ರಿ, ಒಬ್ಬ ಎಂಜಿನಿಯರ್, ಒಬ್ಬ ಆಡಳಿತಗಾರ. ಮೂವರೂ 19ನೇ ಶತಮಾನದವರು, ಮೂವರೂ ಇಂಡಿಯಾದಲ್ಲಿ ಕೆಲಸ ಮಾಡಿದವರು. ಹೀಗಾಗಿ ಗೊಂದಲ ಸಹಜವೇ. ಆದರೆ ಒಬ್ಬರ ಪುಣ್ಯವನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ಮೂವರಿಗೂ ಅನ್ಯಾಯ.

ಮೊದಲು ಹೆಸರಿನ ವಿಚಾರ. ಇದಕ್ಕೂ ಹತ್ತಿಗೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಕಾಟನ್, ಕೋಟನ್ ಎಂಬ ಊರುಗಳು ಹಲವಿವೆ. ಹಳೆಯ ಇಂಗ್ಲಿಷಿನಲ್ಲಿ ಗುಡಿಸಲುಗಳಿರುವ ಜಾಗಕ್ಕೆ ಹಾಗನ್ನುತ್ತಿದ್ದರು. ಆ ಊರುಗಳಿಂದ ಹೊರಟವರಿಗೆ ಊರ ಹೆಸರೇ ಅಂಟಿಕೊಂಡಿತು. ಬಿಜಾಪುರ, ಹಾವೇರಿ ಕಡೆಯ ಅಡ್ಡಹೆಸರುಗಳನ್ನು ಬಲ್ಲ ನಮಗೆ ಇದು ಹೊಸದಲ್ಲ. ಒಂದೇ ಹೆಸರಿನ ಊರು ಹಲವಿದ್ದುದರಿಂದ ಕಾಟನ್‌ಗಳೆಲ್ಲ ಒಂದೇ ಬಳ್ಳಿಯವರೆಂದು ಹೇಳುವಂತಿಲ್ಲ.

ಇಂಡಿಯಾದ ಕಥೆಗೆ ಮುಂಚೆಯೇ ಹೆಸರು ಮಾಡಿದ ಕಾಟನ್‌ಗಳಿದ್ದರು. 1571ರಲ್ಲಿ ಹುಟ್ಟಿದ ಸರ್ ರಾಬರ್ಟ್ ಕಾಟನ್ ಹಳೆಯ ಹಸ್ತಪ್ರತಿಗಳನ್ನು ಕೂಡಿಹಾಕಿದವರು. ಅವರ ಗ್ರಂಥಾಲಯದ ಹೆಚ್ಚಿನ ಬೀರುಗಳ ಮೇಲೆ ಒಬ್ಬೊಬ್ಬ ರೋಮನ್ ಚಕ್ರವರ್ತಿಯ ಅರ್ಧಪ್ರತಿಮೆ ಇರುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ಆ ಹಸ್ತಪ್ರತಿಗಳನ್ನು ಇವತ್ತಿಗೂ ಕಾಟನ್ ನೀರೋ, ಕಾಟನ್ ವಿಟೆಲಿಯಸ್ ಎಂಬ ಗುರುತಿನಿಂದಲೇ ಕೇಳಿ ಪಡೆಯಬೇಕು. ಹಳೆಯ ಇಂಗ್ಲಿಷಿನ ಬೇವುಲ್ಫ್ ಕಾವ್ಯದ ಉಳಿದಿರುವ ಏಕೈಕ ಹಳೆಯ ಪ್ರತಿ ಇದ್ದದ್ದು ಇವರ ಬೀರುವಿನಲ್ಲಿ. 1215ರ ಮ್ಯಾಗ್ನಾ ಕಾರ್ಟಾದ ಉಳಿದ ನಾಲ್ಕು ಪ್ರತಿಗಳಲ್ಲಿ ಎರಡು ಇವರ ಸಂಗ್ರಹದವು. ರಾಜರ ಅಧಿಕಾರದ ಮಿತಿ ತೋರಿಸುವ ದಾಖಲೆಗಳು ಅಲ್ಲಿದ್ದವು ಎಂಬ ಕಾರಣಕ್ಕೇ ಒಂದನೇ ಚಾರ್ಲ್ಸ್ 1629ರಲ್ಲಿ ಆ ಮನೆಗೆ ಬೀಗ ಹಾಕಿಸಿದ. ಎರಡೇ ವರ್ಷದಲ್ಲಿ ರಾಬರ್ಟ್ ತೀರಿಕೊಂಡರು. ಸಂಗ್ರಹ ಆಮೇಲೆ ದೇಶದ ಸ್ವತ್ತಾಯಿತು, 1731ರ ಬೆಂಕಿಯಲ್ಲಿ ಒಂದಷ್ಟು ಸುಟ್ಟಿತು, ಉಳಿದದ್ದು ಬ್ರಿಟಿಷ್ ಮ್ಯೂಸಿಯಂನ ಬುನಾದಿ ಸಂಗ್ರಹಗಳಲ್ಲಿ ಸೇರಿತು.

ಅದೇ ಕಾಲದ ಜಾನ್ ಕಾಟನ್ ಎಂಬ ಪ್ಯೂರಿಟನ್ ಪಾದ್ರಿ 1633ರಲ್ಲಿ ಇಂಗ್ಲೆಂಡು ಬಿಟ್ಟು ಅಮೆರಿಕದ ಬಾಸ್ಟನ್ ಸೇರಿದರು. ಅವರ ಮಗಳ ಮಗನಿಗೆ ತಾತನ ಅಡ್ಡಹೆಸರೇ ಹೆಸರಾಗಿ ಕಾಟನ್ ಮಾದರ್ ಆಯಿತು. 1721ರ ಸಿಡುಬಿನಲ್ಲಿ ಬಾಸ್ಟನ್ನಿಗೆ ಸಿಡುಬು ಹಾಕಿಸುವ ಪದ್ಧತಿ, ಅಂದರೆ ರೋಗಿಯ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಸೇರಿಸಿ ರೋಗ ತಡೆಯುವ ಪದ್ಧತಿ, ತಂದವರು ಈ ಮಾದರ್. ಅದನ್ನು ಅವರಿಗೆ ಹೇಳಿಕೊಟ್ಟದ್ದು ಅವರ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕದ ಒನೆಸಿಮಸ್.

ಇನ್ನು ನಮ್ಮ ಕಡೆಯ ಕಾಟನ್‌ಗಳು. ಆರ್ಥರ್ ಕಾಟನ್ 1803ರಲ್ಲಿ ಹುಟ್ಟಿದರು, ಚೆಷೈರಿನ ಕೊಂಬರ್‌ಮಿಯರ್ ಮನೆತನದವರು. 1826ರಲ್ಲಿ ಭರತಪುರದ ಕೋಟೆ ಹಿಡಿದ ಸೇನಾಪತಿ ಸ್ಟೇಪಲ್ಟನ್ ಕಾಟನ್ ಕೂಡ ಅದೇ ಮನೆತನದವರು. ಹದಿಹರೆಯದಲ್ಲೇ ಮದ್ರಾಸಿಗೆ ಬಂದ ಆರ್ಥರ್ ಕೈಹಾಕಿದ ಮೊದಲ ದೊಡ್ಡ ಕೆಲಸ ಕಾವೇರಿಯದು. ತಂಜಾವೂರಿನ ಬಯಲಿಗೆ ಹೋಗಬೇಕಾದ ನೀರು ಕೊಳ್ಳಿಡಂ ಕವಲಿಗೆ ಹರಿದುಹೋಗುತ್ತಿತ್ತು. ಅದನ್ನು ತಡೆಯಲು 1830ರ ದಶಕದಲ್ಲಿ ಮೇಲಣೆ ಕಟ್ಟಿದರು.

ಮರಳಿನ ಮೇಲೆ ಕಟ್ಟೆ ನಿಲ್ಲುವುದು ಹೇಗೆ? ಉತ್ತರ ಅವರಿಗೆ ಸಿಕ್ಕಿದ್ದು ಕರಿಕಾಲ ಚೋಳನ ಹೆಸರಿನಲ್ಲಿರುವ, ಕಾವೇರಿಯ ಹಳೆಯ ಕಟ್ಟೆ ಕಲ್ಲಣೆಯಲ್ಲಿ. ಹಳಬರು ನದಿಗೆ ದೊಡ್ಡ ಕಲ್ಲುಗಳನ್ನು ತಂದು ಹಾಕುತ್ತಿದ್ದರು. ನೀರು ಅಡಿಯ ಮರಳನ್ನು ಕೊರೆದಂತೆ ಕಲ್ಲು ಕೆಳಗಿಳಿಯುತ್ತಿತ್ತು. ಅದರ ಮೇಲೆ ಇನ್ನೊಂದು, ಮತ್ತೊಂದು. ಇನ್ನು ಇಳಿಯದು ಎಂಬ ಆಳ ಮುಟ್ಟಿದ ಮೇಲೆ ಜೇಡಿಮಣ್ಣು ಸೇರಿಸಿ ಮೇಲಿನ ಕಟ್ಟೆ ಕಟ್ಟುತ್ತಿದ್ದರು. ಸಡಿಲ ಮರಳಿನಲ್ಲಿ ತಳಪಾಯ ಹಾಕುವುದನ್ನು ಇವರಿಂದಲೇ ಕಲಿತೆವು ಎಂದು ಕಾಟನ್ ಆಮೇಲೆ ಬರೆದು ಒಪ್ಪಿಕೊಂಡರು. ಆಳುವ ಸರ್ಕಾರದ ಎಂಜಿನಿಯರ್ ಒಬ್ಬ ಆಳಿಸಿಕೊಂಡವರ ಹಿರಿಯರನ್ನು ಗುರು ಎಂದು ಒಪ್ಪಿದ್ದು ನನಗೆ ಅವರು ಕಟ್ಟಿದ ಯಾವ ಅಣೆಕಟ್ಟಿಗಿಂತಲೂ ಕಡಿಮೆಯದಾಗಿ ಕಾಣುವುದಿಲ್ಲ.

ಆ ಪಾಠ ಹೊತ್ತು ಗೋದಾವರಿಗೆ ಹೋದರು. 1832-33ರ ಬರ ಗುಂಟೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ತಿಂದಿತ್ತು. ಪಕ್ಕದಲ್ಲೇ ಗೋದಾವರಿ ತುಂಬಿ ಸಮುದ್ರ ಸೇರುತ್ತಿತ್ತು. ಧವಳೇಶ್ವರದಲ್ಲಿ ನದಿಯ ನಡುವೆ ಲಂಕೆಗಳಿವೆ, ಅಂದರೆ ನಡುಗಡ್ಡೆಗಳು. ಅವನ್ನೇ ಬಳಸಿಕೊಂಡು ನಾಲ್ಕು ತುಂಡಾಗಿ, ಒಟ್ಟು ಮೂರೂವರೆ ಕಿಲೋಮೀಟರ್ ಮೀರಿದ ಕಟ್ಟೆ ಎಬ್ಬಿಸಿದರು. 1847ರಲ್ಲಿ ಶುರುವಾದ ಕೆಲಸ 1852ಕ್ಕೆ ಮುಗಿಯಿತು. ನಡುವೆ ಕಾಟನ್ ಕಾಯಿಲೆ ಬಿದ್ದಾಗ ಕ್ಯಾಪ್ಟನ್ ಓರ್ ಹೊಣೆ ಹೊತ್ತರು. ಸಾವಿರಾರು ಕೂಲಿಯವರನ್ನು ಕೂಡಿಸಿ ಕೆಲಸ ನಡೆಸಿದವರಲ್ಲಿ ವೀರಣ್ಣ ಎಂಬ ತೆಲುಗು ನೌಕರರೂ ಇದ್ದರು. ಬೋರ್ಡಿನಲ್ಲಿ ಒಂದೇ ಹೆಸರಿದ್ದರೂ ಕಲ್ಲು ಹೊತ್ತ ಕೈಗಳು ಅಸಂಖ್ಯ. ಗೋದಾವರಿ ಜಿಲ್ಲೆಗಳ ರೈತರು ಅವರನ್ನು ಇವತ್ತಿಗೂ ಕಾಟನ್ ದೊರೆ, ಅಪರ ಭಗೀರಥ ಎನ್ನುತ್ತಾರೆ. ಊರೂರಲ್ಲಿ ಪ್ರತಿಮೆಗಳಿವೆ.

ನಮಗೂ ಇವರ ಋಣವಿದೆ. ತುಂಗಭದ್ರೆಗೆ ದೊಡ್ಡ ಜಲಾಶಯ ಕಟ್ಟಿ ಬಳ್ಳಾರಿ, ರಾಯಲಸೀಮೆಗಳ ಬರ ನೀಗಬೇಕೆಂಬ ಯೋಚನೆಯನ್ನು 1860ರಲ್ಲೇ ಮುಂದಿಟ್ಟವರು ಆರ್ಥರ್ ಕಾಟನ್. ಹೊಸಪೇಟೆಯ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಅವರ ಎಣಿಕೆಗಳೆಲ್ಲ ಕೈಗೂಡಲಿಲ್ಲ. ತುಂಗಭದ್ರೆಯಿಂದ ನೀರು ಪಡೆದ ಕರ್ನೂಲು-ಕಡಪ ಕಾಲುವೆಯಲ್ಲಿ ಖಾಸಗಿ ಕಂಪನಿ ನಷ್ಟ ಕಂಡು, ಕೊನೆಗೆ ಸರ್ಕಾರವೇ ಅದನ್ನು ಕೊಂಡಿತು. ರೈಲಿಗೆ ಸುರಿಯುವ ದುಡ್ಡನ್ನು ಕಾಲುವೆಗೆ ಹಾಕಿ ಎಂದು ವಾದಿಸಿದ್ದಕ್ಕೆ 1878ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಉತ್ತರ ಹೇಳಬೇಕಾಯಿತು. ದಕ್ಷಿಣದಲ್ಲಿ 1876-78ರ ಮಹಾ ಬರ ಲಕ್ಷಗಟ್ಟಲೆ ಜನರನ್ನು ಆಗಷ್ಟೇ ಬಲಿ ತೆಗೆದುಕೊಂಡಿತ್ತು.

ಬೆಂಗಳೂರಿನ ಶಾಲೆಯ ಕಾಟನ್ ಬೇರೆ. ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ 1813ರಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಅವರ ತಂದೆ ಫ್ರೆಂಚರ ಮೇಲಿನ ಯುದ್ಧದಲ್ಲಿ ಮಡಿದರು. ರಗ್ಬಿ ಶಾಲೆಯಲ್ಲಿ ಮೇಷ್ಟರಾಗಿ, ಮಾರ್ಲ್‌ಬರೊ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ಹೆಸರು ಮಾಡಿ 1858ರಲ್ಲಿ ಕಲ್ಕತ್ತದ ಬಿಷಪ್ ಆದರು. ಇಂಡಿಯಾದಲ್ಲಿದ್ದ ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಶಾಲೆಗಳಿಲ್ಲದ್ದು ಅವರ ಮುಖ್ಯ ಚಿಂತೆ. 1859ರಲ್ಲಿ ಶಿಮ್ಲಾದ ಶಾಲೆ ಆರಂಭವಾಯಿತು. 1865ರಲ್ಲಿ ಪಾದ್ರಿ ಪೆಟ್ಟಿಗ್ರೂ ಬೆಂಗಳೂರಿನಲ್ಲಿ ತೆರೆದ ಶಾಲೆಗೂ ಬಿಷಪ್ಪರ ಹೆಸರು ಬಂತು. ಮರುವರ್ಷ ಅಕ್ಟೋಬರ್ 6ರಂದು ಬಿಷಪ್ಪರು ಇಂದಿನ ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಗೋರಾಯ್ ನದಿಯ ದೋಣಿಗೆ ಹತ್ತುವಾಗ ಹಲಗೆಯಿಂದ ಕಾಲು ಜಾರಿ ಬಿದ್ದರು. ಶವ ಸಿಗಲೇ ಇಲ್ಲ. ಆ ಹೆಸರಿನ ಶಿಮ್ಲಾ ಶಾಲೆಯಲ್ಲಿ ಓದಿದವರಲ್ಲಿ ಜಲಿಯನ್‌ವಾಲಾಬಾಗಿನ ಡಯರ್ ಇದ್ದಾನೆ. ಬೆಂಗಳೂರಿನ ಶಾಲೆಯಲ್ಲಿ ಓದಿದವರಲ್ಲಿ ಜನರಲ್ ತಿಮ್ಮಯ್ಯ, ರಾಜಾ ರಾಮಣ್ಣ ಇದ್ದಾರೆ.

ಮೂರನೆಯವರು ಹೆನ್ರಿ ಕಾಟನ್. ಹುಟ್ಟಿದ್ದು 1845ರಲ್ಲಿ, ಕುಂಭಕೋಣದಲ್ಲಿ. ತಲೆಮಾರುಗಳಿಂದ ಇಂಡಿಯಾದಲ್ಲಿ ನೌಕರಿ ಮಾಡಿದ ಮನೆತನ. ತಂದೆ ಮದ್ರಾಸ್ ಸಿವಿಲ್ ಸರ್ವಿಸಿನವರು. 1896ರಿಂದ 1902ರವರೆಗೆ ಹೆನ್ರಿ ಅಸ್ಸಾಮಿನ ಚೀಫ್ ಕಮಿಷನರ್. ಅಲ್ಲಿನ ಹುಡುಗರಿಗೆ ಕಲ್ಕತ್ತದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟರೆ ಸಾಕು ಎಂಬುದು ಅವರ ಮೊದಲ ಅಭಿಪ್ರಾಯ. ಅಲ್ಲಿನ ಮುಂದಾಳು ಮಾಣಿಕ್ ಚಂದ್ರ ಬರುವಾ ಕಾಲೇಜಿಗಾಗಿ ಅರ್ಜಿ ಹಿಡಿದು ಬಿಡದೆ ಬೆನ್ನುಹತ್ತಿದ ಮೇಲೆ ಅಭಿಪ್ರಾಯ ಬದಲಾಯಿತು. 1901ರಲ್ಲಿ ಕಾಲೇಜು ಶುರುವಾಯಿತು. ಗುವಾಹಟಿಯ ಹೆಮ್ಮೆಯಲ್ಲಿ ಬರುವಾ ಅವರಿಗೂ ಸಮಪಾಲು ಸಲ್ಲಬೇಕು.

ಹೆನ್ರಿಯವರಿಗೆ ಅಧಿಕಾರಿ ವರ್ಗದಲ್ಲಿ ಶತ್ರುಗಳು ಹುಟ್ಟಿದ್ದು ಚಹಾ ತೋಟಗಳ ವಿಷಯದಲ್ಲಿ. ಕೂಲಿಗಳ ಕನಿಷ್ಠ ಮಜೂರಿ ಏರಿಸಬೇಕೆಂದು ಪಟ್ಟು ಹಿಡಿದರು, ಮಾಲೀಕರು ಕೂಲಿಗಳನ್ನು ನಡೆಸಿಕೊಳ್ಳುವ ರೀತಿಯನ್ನು ಬಯಲಿಗೆಳೆದರು. ತೋಟದವರು ತಿರುಗಿಬಿದ್ದರು, ವೈಸರಾಯ್ ಕರ್ಜನ್ ಸರ್ಕಾರ ಏರಿಕೆಯನ್ನು ಮುಂದೂಡಿತು. ನಿವೃತ್ತಿಯ ನಂತರ 1904ರಲ್ಲಿ ಹೆನ್ರಿ ಮುಂಬೈ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಬಂದರು, ಸ್ವಯಮಾಡಳಿತದ ಪ್ರಾಂತಗಳು ಕೂಡಿದ ಒಕ್ಕೂಟದ ಇಂಡಿಯಾ ಬೇಕೆಂದರು, ಬಂಗಾಳದ ವಿಭಜನೆಯನ್ನು ವಿರೋಧಿಸಿದರು. 1906ರಲ್ಲಿ ಪೂರ್ವ ನಾಟಿಂಗ್‌ಹ್ಯಾಮಿನಿಂದ ಪಾರ್ಲಿಮೆಂಟಿಗೆ ಗೆದ್ದು, 1910ರ ಚುನಾವಣೆಯಲ್ಲಿ ಸೋಲುವವರೆಗೂ ಅಲ್ಲಿ ಇಂಡಿಯಾದ ಪರವಾಗಿ ದನಿಯೆತ್ತಿದರು.