ಒದ್ದೆ ಗೋಣಿ ಮತ್ತು ದೊಡ್ಡಮ್ಮನ ಕಾಲು

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. ‘ಮೂಳೆಗೆ ಯಾವ ಕ್ಯಾಲ್ಸಿಯಂ ಮಾತ್ರೆ ಒಳ್ಳೇದು?’ ನಾನು ಡಾಕ್ಟರಲ್ಲ, ಬಯೋಮೆಡಿಕಲ್ ಎಂಜಿನಿಯರ್ ಅಂದರೆ ‘ಅದೇ, ಮೂಳೆ ಡಾಕ್ಟ್ರು’ ಅಂತಾರೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ಮೂರು ಜನಕ್ಕಾದರೂ ಇದನ್ನು ವಿವರಿಸಿರುತ್ತೇನೆ.

ಜೀವಕೋಶಗಳನ್ನು ಎಳೆದು, ಒತ್ತಿ, ಅವು ಏನು ಮಾಡುತ್ತವೆ ಅಂತ ನೋಡುವುದು ನನ್ನ ಕೆಲಸ. ಹೇಳಿದರೆ ನಗುತ್ತಾರೆ. ಕೋಶಕ್ಕೆ ಅದೆಲ್ಲ ಗೊತ್ತಾಗತ್ತಾ? ಗದ್ದೆ ಬದಿಯ ಮುಟ್ಟಿದರೆ ಮುನಿಗೆ ಗೊತ್ತಾಗಲ್ವಾ? ಅದಕ್ಕೆ ನರವೂ ಇಲ್ಲ, ಮಿದುಳೂ ಇಲ್ಲ. ಬೆರಳು ತಾಗಿದ ಕೂಡಲೇ ಎಲೆಯ ಬುಡದ ಕೋಶಗಳು ನೀರು ಬಿಟ್ಟು ಸೊರಗುತ್ತವೆ, ಎಲೆ ಮಡಚಿಕೊಳ್ಳುತ್ತದೆ. ನಮ್ಮ ಕೋಶಗಳ ಉಪಾಯ ಬೇರೆ. ಅವುಗಳ ಪೊರೆಯಲ್ಲಿ, ಎಳೆದರೆ ತೆರೆದುಕೊಳ್ಳುವ ಪುಟ್ಟ ಬಾಗಿಲುಗಳಿವೆ. ಅಂಥ ಎರಡು ಬಾಗಿಲು, ಪಿಯೆಜೊ1 ಮತ್ತು ಪಿಯೆಜೊ2, ಸಿಕ್ಕಿದ್ದು 2010ರಲ್ಲಿ. ಕಂಡುಹಿಡಿದ ತಂಡದ ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಪಿಯೆಜೊ1 ಮೂಳೆಯ ಕೋಶಗಳಲ್ಲೂ ಇದೆ.

ಈಗ ದೊಡ್ಡಮ್ಮನ ವಿಷಯ. ಒಂದು ಆಷಾಢದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಓಡಾಡಲಿಕ್ಕೆ ಅಂತ ಹಾಸಿದ್ದ ಅಡಿಕೆ ದಬ್ಬೆ ಬಿಟ್ಟು, ಒಂದೇ ಒಂದು ಹೆಜ್ಜೆ ಆಚೆ ಇಟ್ಟಿದ್ದರಂತೆ. ತೊಡೆಮೂಳೆ ಸೊಂಟದ ಹತ್ತಿರ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ದಿನಾ ನಡೆಸಿ ಅಂತ ಚೀಟಿಯಲ್ಲೂ ಬರೆದುಕೊಟ್ಟರು. ಮನೆಗೆ ಬಂದ ಮೇಲೆ ನಮ್ಮವರು ಮಾಡಿದ್ದೇನು? ಮೂರು ತಿಂಗಳು ಮಂಚದಿಂದ ಇಳಿಸಲಿಲ್ಲ. ಗಂಜಿ ಮಂಚಕ್ಕೆ, ಕಾಫಿ ಮಂಚಕ್ಕೆ, ಟಿವಿ ಕೂಡ ಮಂಚದ ಎದುರಿಗೆ. ಪ್ರೀತಿಯಿಂದಲೇ ಮಾಡಿದ್ದು, ಬೈಯಲಿಕ್ಕೂ ಬರುವುದಿಲ್ಲ. ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಮಾತ್ರೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಡಾಕ್ಟರ್ ಬರೆದಿದ್ದರೆ ತೆಗೆದುಕೊಳ್ಳಿ. ಆದರೆ ಅದು ಜಲ್ಲಿ, ಸಿಮೆಂಟು ಅಷ್ಟೇ. ಲೋಡು ಅಂಗಳಕ್ಕೆ ಬಂದು ಬಿದ್ದಿದೆ, ಮೇಸ್ತ್ರಿಗೆ ಹೇಳಿಕಳಿಸುವವರೇ ಇಲ್ಲ. ಮೂಳೆಯೊಳಗಿನ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಸ್ಟಿಯೊಸೈಟ್ ಅನ್ನುವ ಜಾತಿಯವು. ಹೇಳಿಕಳಿಸುವುದು ಅವೇ. ಮೂಳೆಯ ಮೇಲೆ ಭಾರವೇ ಬೀಳದಿದ್ದರೆ ಅವು ಸ್ಕ್ಲೆರೋಸ್ಟಿನ್ ಅನ್ನುವ ಪ್ರೋಟೀನನ್ನು ಜಾಸ್ತಿ ಮಾಡಿ ಕಟ್ಟುವ ಕೆಲಸಕ್ಕೆ ತಡೆ ಹಾಕುತ್ತವೆ. ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದು, ಒಂದೂವರೆ ಪಾಲು ಸವೆಯುವುದು ಬಾಹ್ಯಾಕಾಶದಲ್ಲಿ ಊಟ ಕಮ್ಮಿಯಾಗಿ ಅಲ್ಲ, ಅಲ್ಲಿ ಮೂಳೆಗೆ ಭಾರ ಬೀಳದೆ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಬರುತ್ತದೆ ನನ್ನ ತಲೆ ಕೆಡಿಸುವ ಮಾತು. ‘ಹಂಗಾದ್ರೆ ನಂಗೇನೂ ತೊಂದ್ರೆ ಇಲ್ಲ ಬಿಡಿ, ಬೆಳಗಿಂದ ಸಂಜೆವರೆಗೂ ಅಂಗಡೀಲಿ ನಿಂತೇ ಇರ್ತೀನಲ್ಲ!’ ನಿಲ್ಲುವುದಲ್ಲ ಸ್ವಾಮಿ. ಭಾರ ಬಿದ್ದರೆ ಸಾಲದು, ಬಿದ್ದು ಏಳಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಬಾಗಿಲಿಗೆ ಗೋಣಿಚೀಲ ಹಾಸಿರುತ್ತಾರಲ್ಲ, ಅದರ ಮೇಲೆ ಕಾಲಿಟ್ಟು ನೋಡಿ. ಪಚಕ್ ಅಂತ ಬೆರಳ ಸಂದಿಯಿಂದ ನೀರು ಏಳುತ್ತದೆ. ಹಾಗೇ ನಿಂತುಕೊಳ್ಳಿ. ಇನ್ನೇನೂ ಬರುವುದಿಲ್ಲ. ಕಾಲೆತ್ತಿ. ಒತ್ತಿ ಹೋದ ನೀರು ಮೆಲ್ಲಗೆ ಗೋಣಿಗೆ ವಾಪಸ್ ಸೇರುತ್ತದೆ. ಮತ್ತೆ ತುಳಿಯಿರಿ, ಮತ್ತೆ ಪಚಕ್. ಮೂಳೆ ಹೊರಗೆ ಕಲ್ಲಿನ ಹಾಗೆ ಕಂಡರೂ ಒಳಗೆ ಕಣ್ಣಿಗೆ ಕಾಣದ ಕಾಲುವೆಗಳಿವೆ, ಅವುಗಳ ತುಂಬ ನೀರಿನಂಥ ದ್ರವವಿದೆ, ಆಸ್ಟಿಯೊಸೈಟ್‌ಗಳು ಅದರಲ್ಲಿ ಕೈಕಾಲು ಚಾಚಿ ಕೂತಿವೆ. ಹೆಜ್ಜೆ ಇಟ್ಟಾಗ ಮೂಳೆ ಬಾಗುತ್ತದೆ. ಎಷ್ಟು? ಓಡುವಾಗಲೂ ಸಾವಿರಕ್ಕೆ ಒಂದೆರಡು ಪಾಲು. ಅಷ್ಟಕ್ಕೇ ದ್ರವ ಆ ಕಡೆ ಈ ಕಡೆ ಹರಿದು ಕೋಶಗಳನ್ನು ಸವರುತ್ತದೆ. ಕೋಶಕ್ಕೆ ತಿಳಿಯುವುದು ಮುಖ್ಯವಾಗಿ ಆ ಹರಿವು. ಸುಮ್ನೆ ನಿಂತರೆ ಹರಿವೆಲ್ಲಿ?

1984ರಲ್ಲಿ ಲ್ಯಾನ್ಯನ್ ಮತ್ತು ರೂಬಿನ್ ಅನ್ನುವ ವಿಜ್ಞಾನಿಗಳು ಕೋಳಿ ಜಾತಿಯ ಹಕ್ಕಿಗಳ ರೆಕ್ಕೆಯ ಮೂಳೆಯಲ್ಲಿ ಇದನ್ನೇ ತೋರಿಸಿದರು. ಒಂದೇ ಸಮ ಒತ್ತಿ ಹಿಡಿದ ಮೂಳೆ, ಕೆಲಸವೇ ಇಲ್ಲದ ಮೂಳೆಯ ಹಾಗೆಯೇ ಸವೆಯಿತು. ದಿನಕ್ಕೆ ನಾಲ್ಕೇ ಸಲ ಒತ್ತಿ ಬಿಟ್ಟಾಗ ಸವೆಯಲಿಲ್ಲ. 36 ಸಲಕ್ಕೆ ಬೆಳೆಯಿತು. 1800 ಸಲ ಒತ್ತಿದರೂ ಅದಕ್ಕಿಂತ ಜಾಸ್ತಿ ಬೆಳೆಯಲಿಲ್ಲ. ಹಕ್ಕಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಚ್ಚಬೇಡಿ, ಆದರೆ ಗೋಣಿಯ ನ್ಯಾಯ ಒಂದೇ.

ನನಗೇ ಇದು ಮನಸ್ಸಿಗೆ ನಾಟಿದ್ದು ಒಂದು ಎಡವಟ್ಟಿನಿಂದ. ತೆಳು ಸಿಲಿಕೋನ್ ಹಾಳೆಯ ಮೇಲೆ ಕೋಶ ಬೆಳೆಸಿ, ಸೆಕೆಂಡಿಗೆ ಒಂದು ಸಲ ಎಳೆದು ಬಿಡುವ ಯಂತ್ರ ನಮ್ಮದು. ರಾತ್ರಿ ಬೆಳಗಾಗುವುದರಲ್ಲಿ ಕೋಶಗಳು ಎಳೆತಕ್ಕೆ ಅಡ್ಡಲಾಗಿ, ಸಸಿ ನೆಟ್ಟ ಗದ್ದೆಯ ಹಾಗೆ ಸಾಲಾಗಿ ನಿಲ್ಲುತ್ತವೆ. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಸಾಲೇ ಇಲ್ಲ, ಚೆಲ್ಲಿದ ಹುಲ್ಲಿನ ಹಾಗೆ ಬಿದ್ದಿವೆ. ಔಷಧಿ ಕೆಟ್ಟಿತೋ ಕೋಶ ಸತ್ತವೋ ಅಂತ ಅರ್ಧ ದಿನ ಹುಡುಕಿದೆ. ಹಾಳೆ ಎಳೆದುಕೊಂಡೇ ಇತ್ತು. ರಾತ್ರಿ ಯಾವಾಗಲೋ ಮೋಟರ್ ಎಳೆದ ಜಾಗದಲ್ಲೇ ನಿಂತುಬಿಟ್ಟಿತ್ತು.

ಇದನ್ನು ಓದಿ ನಾಳೆಯೇ ಮುರಿದ ಕಾಲಲ್ಲಿ ಕುಣಿಯಬೇಡಿ. ಪ್ಲೇಟು ಹಾಕಿದ್ದಾರೋ, ರಾಡೋ, ಕೀಲೇ ಬದಲಿಸಿದ್ದಾರೋ ಅನ್ನುವುದರ ಮೇಲೆ, ಎಷ್ಟು ಭಾರ ಯಾವಾಗ ಅಂತ ಹೇಳಬೇಕಾದವರು ಆಪರೇಷನ್ ಮಾಡಿದವರು. ಕೆಲವು ಮುರಿತಕ್ಕೆ ಆರು ವಾರ ಭಾರ ಬೇಡ ಅಂತಾರೆ, ಅದನ್ನೂ ಕೇಳಿ. ಮೂಳೆ ತೀರಾ ಟೊಳ್ಳಾದವರು ಹಾರುವುದು ಕುಣಿಯುವುದು ಬೇಡವೇ ಬೇಡ. ಆದರೆ ನಡೆಸಿ ಅಂತ ಚೀಟಿಯಲ್ಲಿ ಬರೆದಿದ್ದರೆ ದಯವಿಟ್ಟು ನಡೆಸಿ. ಸ್ನಾಯು ಕರಗಿದ ಮೇಲೆ ಎಬ್ಬಿಸುವುದು ಇನ್ನೂ ಕಷ್ಟ.

ದೊಡ್ಡಮ್ಮನನ್ನು ಕೊನೆಗೆ ಎಬ್ಬಿಸಿದ್ದು ಶಿವಮೊಗ್ಗದಿಂದ ಬಂದ ಫಿಸಿಯೊ ಹುಡುಗಿ. ಮೊದಲ ದಿನ ಅವಳಿಗೆ ಸಿಕ್ಕಿದ್ದು ಬರೀ ಬೈಗುಳ. ದೀಪಾವಳಿ ಹೊತ್ತಿಗೆ ದೊಡ್ಡಮ್ಮ ಜಗಲಿಯಿಂದ ಕೊಟ್ಟಿಗೆವರೆಗೆ ಹೋಗಿ ಬರುತ್ತಿದ್ದರು, ಕೋಲು ಹಿಡಿದು, ದಬ್ಬೆಯ ಮೇಲೆಯೇ. ಗೋಣಿಯ ಕತೆಯನ್ನು ಅವರಿಗೆ ಎರಡು ಸಲ ಹೇಳಿದ್ದೇನೆ, ಬಾಗಿಲಲ್ಲಿ ನಿಲ್ಲಿಸಿ ತುಳಿದು ತೋರಿಸಿದ್ದೇನೆ. ಮೊನ್ನೆ ಫೋನಿನಲ್ಲಿ ಮೂರನೇ ಸಲ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

‘ಅದೆಲ್ಲ ಸರಿ ಮಾರಾಯ’ ಅಂದರು. ‘ಪಕ್ಕದ ಮನೆಯವಳು ಯಾವುದೋ ಹೊಸ ಮಾತ್ರೆ ತಗೊಳ್ತಾಳಂತೆ. ಅದು ಒಳ್ಳೇದಾ?’