ಜೇನು ಕುಟುಂಬಕ್ಕೊಂದು ಜಾತಕ

ಸಾಗರ, ಹೊಸನಗರದ ಕಡೆ ತೋಟಗಳಿಗೆ ಹೋದಾಗ ಜೇನು ಪೆಟ್ಟಿಗೆಗಳ ಮೇಲೆ ಸಂಖ್ಯೆ ಕಾಣುವುದುಂಟು. ಆದರೆ ಹೆಚ್ಚಿನವರು ಬರೆದಿರುವುದು ಮುಚ್ಚಳದ ಮೇಲೆ. ತಪಾಸಣೆಗೆಂದು ನಾಲ್ಕು ಮುಚ್ಚಳ ತೆಗೆದು ಅಡಿಕೆ ಮರಕ್ಕೆ ಒರಗಿಸಿದರೆ ಆಯಿತು, ಐದರ ಮುಚ್ಚಳ ಎಂಟರ ತಲೆ ಏರುತ್ತದೆ. ಮರಿಗಳು ಬೆಳೆಯುವ ಸಂಸಾರ ಕೋಣೆಗೆ ಬರೆದರೂ ಮರ ಕುಂಬಾಗಿ ಪೆಟ್ಟಿಗೆ ಬದಲಿಸಿದ ದಿನ ಲೆಕ್ಕ ತಪ್ಪುತ್ತದೆ.

ಸಂಖ್ಯೆ ಕುಟುಂಬದ್ದು. ಅಲ್ಯೂಮಿನಿಯಂ ತಗಡಿನ ತುಂಡಿನ ಮೇಲೆ ಮೊಳೆಯಿಂದ ಅಂಕಿ ಕೊರೆದು ಪೆಟ್ಟಿಗೆಗೆ ನೇತುಹಾಕಿ. ಕುಟುಂಬ ಹೋದಲ್ಲಿಗೆ ಅದೂ ಹೋಗಲಿ. ಶಾಯಿಯನ್ನು ನಮ್ಮ ಮಳೆಗಾಲ ಉಳಿಸುವುದಿಲ್ಲ. ಮುಚ್ಚಳದ ಮೇಲೆ ಕಲ್ಲಿಟ್ಟು ಗುರುತು ಮಾಡುವವರೂ ಇದ್ದಾರೆ: ಮೂಲೆಯಲ್ಲಿದ್ದರೆ ರಾಣಿ ಇಲ್ಲ, ನಡುವೆ ಇದ್ದರೆ ಎಲ್ಲ ಸರಿ. ಮಲೆನಾಡಿನ ಮಂಗಗಳಿಗೆ ಈ ಲಿಪಿ ತಿಳಿಯದು.

ತೊಡಕು ಬರುವುದು ಕುಟುಂಬ ಪಾಲಾದಾಗ, ಅಂದರೆ ಒಂದಷ್ಟು ಹುಳ ರಾಣಿಯೊಂದಿಗೆ ಬೇರೆಯಾಗಿ ಹಾರಿದಾಗ. ಮೊದಲ ಪಾಲಿನೊಂದಿಗೆ ಹೊರಡುವುದು ಹಳೆಯ ರಾಣಿ. ಪೆಟ್ಟಿಗೆಯಲ್ಲಿ ಉಳಿಯುವುದು ಮಗಳು. ಹಾಗಾಗಿ 7 ಎಂಬ ತಗಡು ಹಿಡಿದು ಕೂರಿಸಿದ ಪಾಲಿಗೆ ಸಲ್ಲಬೇಕು, ಉಳಿದದ್ದು 7ಅ ಆಗಬೇಕು. ರಾಣಿಯ ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟಿದ್ದರೆ ಗೊಂದಲವೇ ಇರದು. ಅಂತರರಾಷ್ಟ್ರೀಯ ರೂಢಿಯಲ್ಲಿ 2025ರ ರಾಣಿಗೆ ನೀಲಿ, 2026ರದಕ್ಕೆ ಬಿಳಿ. ಚುಕ್ಕೆಯಿಲ್ಲದ ರಾಣಿ ಕಂಡರೆ, ನಿಮಗೆ ತಿಳಿಯದಂತೆ ಪಟ್ಟ ಬದಲಾಗಿರಬಹುದು.

ತಪಾಸಣೆಯ ವಿವರ ಬರೆಯುವ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಮಾತ್ರ ಬರೆಯಬೇಡಿ; ಮುಂದಿನ ತಿಂಗಳು ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಎರಿಗಳ (ಮೇಣದ ಹಲ್ಲೆಗಳ) ಮೇಲೆ ಹುಳ ತುಂಬಿತ್ತು, ಮೊಟ್ಟೆ ಇತ್ತೇ, ರಾಣಿ ಮೊಟ್ಟೆ (ಹೊಸ ರಾಣಿ ಬೆಳೆಯುವ ದೊಡ್ಡ ಕೋಶ) ಕಟ್ಟಿತ್ತೇ, ಸಕ್ಕರೆ ಪಾಕ ಕೊಟ್ಟಿರಾ, ಇಷ್ಟನ್ನು ದಿನಾಂಕದೊಂದಿಗೆ ಬರೆಯಿರಿ. ನಮ್ಮ ಪೆಟ್ಟಿಗೆಗಳಲ್ಲಿ ಸಾಕುವ ನಾಡ ಜೇನಾದ ತುಡುವೆಯ ರಾಣಿಯನ್ನು ಹುಡುಕುತ್ತಾ ಪೆಟ್ಟಿಗೆಯನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗಿಲ್ಲ. ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆಯುತ್ತದೆ. ಕೋಶದ ತಳದಲ್ಲಿ ಒಂದೊಂದೇ ಬಿಳಿ ಮೊಟ್ಟೆ ಕಂಡರೆ ಮೂರು ದಿನದ ಹಿಂದಿನವರೆಗಾದರೂ ರಾಣಿ ಅಲ್ಲಿತ್ತು ಎಂದರ್ಥ. ಒಂದೇ ಕೋಶದಲ್ಲಿ ಹಲವು ಮೊಟ್ಟೆಗಳಿದ್ದರೆ ಅನುಮಾನಪಡಿ. ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಇಡತೊಡಗಿರಬಹುದು.

ಯಾವ ಎರಿಯನ್ನು ಯಾವ ಪೆಟ್ಟಿಗೆಯಿಂದ ಎಲ್ಲಿಗೆ ಕೊಟ್ಟಿರಿ ಎಂಬುದನ್ನಂತೂ ಬಿಡಲೇಬೇಡಿ. 1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿಹಾಕಿತು. ವೈರಾಣು ಇಂದಿಗೂ ಹೋಗಿಲ್ಲ. ರೋಗ ತಗುಲಿದ ಮರಿ ಕೋಶದಲ್ಲಿ ತಲೆಯೆತ್ತಿಕೊಂಡು ಸತ್ತಿರುತ್ತದೆ, ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲವಾಗಿ ಇಡಿಯಾಗಿ ಬರುತ್ತದೆ. ದುರ್ಬಲ ಕುಟುಂಬಕ್ಕೆ ಆಸರೆಯಾಗಲೆಂದು ಕೊಟ್ಟ ಮರಿ ಎರಿಯೊಂದಿಗೇ ರೋಗ ದಾಟಬಹುದು. ಬರೆದಿಟ್ಟಿದ್ದರೆ ಆ ಎರಿ ಹೋದ ಪೆಟ್ಟಿಗೆಗಳನ್ನಷ್ಟೇ ಮೊದಲು ತೆರೆದು ನೋಡಿದರೆ ಸಾಕು.

ಚೀಟಿಯನ್ನು ಪೆಟ್ಟಿಗೆಯೊಳಗೆ ಇಡುವುದು ನನಗೆ ಒಗ್ಗದು; ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಹುಳವೂ ಕಾಗದ ಕತ್ತರಿಸುತ್ತದೆ. ಪುಸ್ತಕ ಮನೆಯಲ್ಲಿರಲಿ, ಪೆನ್ಸಿಲಿನಲ್ಲಿ ಬರೆಯಿರಿ. ಮಳೆಗಾಲ ಕಳೆದು ಕುಟುಂಬ ಪಾಲು ಮಾಡುವ ಮೊದಲು ಅದನ್ನು ತೆರೆದು, ರೋಗ ಬಂದರೂ ಎದ್ದು ನಿಂತದ್ದು ಯಾವುದು, ಪದೇ ಪದೇ ಪೆಟ್ಟಿಗೆ ಬಿಟ್ಟು ಪರಾರಿಗೆ ಹೊರಟದ್ದು ಯಾವುದು ಎಂದು ನೋಡಿ, ಮೊದಲನೆಯದರ ರಾಣಿ ಮೊಟ್ಟೆಯನ್ನು ಆರಿಸಿಕೊಳ್ಳಿ.